ಕಾರಣ: ಮನೆ ರಿಪೇರಿ

ಮಡಿಕೇರಿ ಆಸ್ಪತ್ರೆಯ ಚೀಟಿಯಲ್ಲಿ ಇದ್ದದ್ದು ಇಷ್ಟೆ:
ಬೆಳಿಗ್ಗೆ ಒಂದು, ರಾತ್ರಿ ಎರಡು,
ಹದಿನೈದು ದಿನ ಬಿಟ್ಟು ಮಂಗಳವಾರ ಬನ್ನಿ.
ಚೀಟಿಯಲ್ಲಿ ಇಲ್ಲದ್ದನ್ನು ಡಾಕ್ಟರಮ್ಮ ಕೇಳಿದರು:
ಮನೆಯಲ್ಲಿ ಕೋವಿ ಇದೆಯೇ?

ಕೊಡಗಿನಲ್ಲಿ ಹೀಗೂ ಕೇಳುತ್ತಾರೆಯೇ,
ಒಲೆ ಇದೆಯೇ ಅಂದ ಹಾಗೆ.
ಬೆಂಚಿನ ತುದಿಗೆ ಕೂತ ಅಣ್ಣ
ತನ್ನ ಚಪ್ಪಲಿ ನೋಡುತ್ತಿದ್ದ.
ಅವು ಅವನವಲ್ಲ,
ವಾರ್ಡಿನಲ್ಲಿ ಯಾರದೋ ಜೊತೆ ಅದಲುಬದಲಾದವು.

ಅವನೆದುರೇ ಇಳಿಸಿದೆ ಗೋಡೆಯಿಂದ.
ಕದ್ದು ಇಳಿಸಿದರೆ ನಾಳೆ
ನಾನು ಕೊಟ್ಟ ಮಾತ್ರೆಯನ್ನೂ ಅವನು ನಂಬಲಾರ.
ಹಳೇ ಬೆಡ್‌ಶೀಟಿನಲ್ಲಿ ಸುತ್ತಿ
ನಾಪೋಕ್ಲು ಸ್ಟೇಷನ್ನಿಗೆ ಒಯ್ದೆ.
ರಸೀದಿಯಲ್ಲಿ ಕಾರಣದ ಖಾನೆ.
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬರೆದೆ: ಮನೆ ರಿಪೇರಿ.

ನಮ್ಮಲ್ಲಿ ಮಗು ಹುಟ್ಟಿದರೆ ಒಂದು ಗುಂಡು,
ಸತ್ತರೆ ಎರಡು.
ಊರಿಗೆಲ್ಲ ಗೊತ್ತಾಗುತ್ತದೆ, ಊರು ಓಡಿ ಬರುತ್ತದೆ.
ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿದ್ದು
ಮೂರ್ನಾಡು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು
ವಾಪಸು ಬಂದವನಿಗೆ
ಎಷ್ಟು ಗುಂಡು?

'ಕೆಟ್ಟ ಹೊತ್ತಿನಲ್ಲಿ ಫೋನು ಎತ್ತಲಾಗುವುದಿಲ್ಲ,' ಅಂದ.
'ಮಾತೇ ಬರುವುದಿಲ್ಲ. ಉಸಿರು ಬರುತ್ತದೆ.'
ಪಿ.ಟಿ. ಮಾಸ್ಟರು ಅವನು, ಹತ್ತೊಂಬತ್ತು ವರ್ಷ.
ಮೊಳೆಯಲ್ಲಿ ಕಪ್ಪು ದಾರದ ವಿಸಿಲ್ ಇತ್ತು.
ಸರಿ, ಹಾಗಾದರೆ ಊದು.
ಗೋಡೆಯಾಚೆ ನಾನು,
ರಸ್ತೆಯಾಚೆ ಆಶಾ ಕಾರ್ಯಕರ್ತೆ ಸಫಿಯಾ,
ಕೆಳಗಡೆ ಗ್ಯಾರೇಜಿನ ಹುಡುಗರು.
ಹೆಸರು ಬರೆದು ಸಕ್ಕರೆ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದೆವು,
ಮಡಿಕೇರಿ ಆಸ್ಪತ್ರೆಯ ನಂಬರನ್ನೂ.

ಹನ್ನೊಂದನೇ ರಾತ್ರಿ, ಎರಡೂ ಮುಕ್ಕಾಲಿಗೆ,
ಊದಿದ.

ನಾನು ಉಲ್ಟಾ ಸ್ವೆಟರಿನಲ್ಲಿ ಓಡಿದೆ.
ಸಫಿಯಾ ಟಾರ್ಚು ಹಿಡಿದು ಬಂದಳು, ಹಿಂದೆ ಅವಳ ನಾಯಿ.
ಗ್ಯಾರೇಜಿನ ಇಬ್ಬರು, ಅವನದೇ ಹಳೇ ವಿದ್ಯಾರ್ಥಿಗಳು,
ನಿದ್ದೆಗಣ್ಣಿನಲ್ಲಿ ಅಂಗಳಕ್ಕೆ ಬಂದು
ಎತ್ತರದ ಪ್ರಕಾರ ಸಾಲು ನಿಂತರು.
ಯಾಕೆ ಅಂತ ಯಾರೂ ಕೇಳಲಿಲ್ಲ.
ಬೆಲ್ಲ ಹಾಕಿ ಕರಿಕಾಫಿ ಕಾಯಿಸಿದೆವು,
ಬೆಳಗಾಗುವ ತನಕ
ಯಾವ ಜೀಪಿನ ಕ್ಲಚ್ ಹೋಗಿದೆ ಎಂಬ ಮಾತು.
ಮೊದಲ ಬಸ್ಸಿಗೇ ಮಡಿಕೇರಿ.
ಅವತ್ತು ಮಂಗಳವಾರವಲ್ಲ, ಗುರುವಾರ.
'ಬಂದದ್ದು ಒಳ್ಳೆಯದಾಯಿತು,' ಅಂದರು ಡಾಕ್ಟರಮ್ಮ,
ರಾತ್ರಿಯ ಮಾತ್ರೆ ಬದಲಿಸಿದರು.

ಕೈಲ್‌ಪೊಳ್ದ್ ಬಂತು.
ತೂಗುದೀಪದ ಕೆಳಗೆ ಕತ್ತಿ ಇಟ್ಟೆವು, ಪೂಜೆ ಮುಗಿದದ್ದೇ
ಸಫಿಯಾಳ ಮನೆಗೆ ಹೋಗುವ ಕತ್ತಿ;
ರಾತ್ರಿ ಬೀಗದೊಳಗೆ ಮಲಗುವ
ನನ್ನ ಹೊಲಿಗೆಯ ಕತ್ತರಿ.
ಬೆಳ್ಯಪ್ಪ ಮಾವ ಕಡಂಬುಟ್ಟು ಬಾಯಿಗಿಟ್ಟವರು
ಗೋಡೆ ನೋಡಿದರು: 'ಎಲ್ಲಿ ಕೋವಿ?'
ರಿಪೇರಿ, ಅನ್ನಲು ನಾನು ಬಾಯಿ ತೆರೆದೆ.
ಅಣ್ಣ ಗ್ಲಾಸಿನಲ್ಲಿದ್ದ ನೀರು ಕೆಳಗಿಟ್ಟು ಅಂದ:
'ಸ್ಟೇಷನ್ನಿನಲ್ಲಿದೆ ಮಾವ. ನನಗೆ ಹುಷಾರಿಲ್ಲ.
ಈಗ ಅದು ನನ್ನ ಹತ್ತಿರ ಇರಬಾರದು.'
ಮಾವ ಬಹಳ ಹೊತ್ತು ಅಗಿದರು.
ಆಮೇಲೆ ತಾವು ತಂದ ಬಾಟಲಿಯನ್ನು
ತೆರೆಯದೆ ಚೀಲಕ್ಕೇ ಹಾಕಿದರು.

ತೋಕ್‌ಪೂ ಒಂದು ಉಳಿದಿತ್ತು.
ಅಣ್ಣ ಅದನ್ನು ವಿಸಿಲಿನ ದಾರಕ್ಕೆ ಸಿಕ್ಕಿಸಿದ.
ನಗಬಹುದೋ ಇಲ್ಲವೋ ಗೊತ್ತಾಗಲಿಲ್ಲ.
ಅವನೇ ಮೊದಲು ನಕ್ಕ.

ಮೊನ್ನೆ ಸಂತೆಯಲ್ಲಿ ಸಿಕ್ಕ ಪೇದೆ ಕೇಳಿದ,
'ಮುಗಿಯಿತಾ ಅಕ್ಕಾ, ಮನೆ ರಿಪೇರಿ?'
ನಡೀತಾ ಇದೆ, ಅಂದೆ.

ಅಣ್ಣ ಇನ್ನೂ ಆ ಚಪ್ಪಲಿಯಲ್ಲೇ ಓಡಾಡುತ್ತಾನೆ,
ಎಡಗಾಲಿನ ಹಿಮ್ಮಡಿ ಸವೆದದ್ದು, ಅರ್ಧ ಇಂಚು ದೊಡ್ಡದು.
ಅವನದನ್ನು ಮೆಟ್ಟಿಕೊಂಡು ಹೋದವರು
ಸೋಮವಾರಪೇಟೆಯವರೋ, ಕುಟ್ಟದವರೋ.
ಆ ಮನೆಯಲ್ಲೂ ಯಾರಾದರೂ
ಅವರು ಒಳಗೆ ಬರುವ ಮುಂಚೆ
ಒಂದು ಸಲ ಗೋಡೆ ನೋಡಿರಲಿ.