ನೂರು ಕುರ್ಚಿ, ಒಂದು ಮೈಕು

ನೂರು ಕುರ್ಚಿ ಬೇಕು ಹಾಲೇಶಿ, ಅಂದರು
ಕಾಂಪೌಂಡರ್ ತಿಪ್ಪೇರುದ್ರಪ್ಪ.
ಐವತ್ತು ಸಾಕ್ರಿ, ಅಂದೆ.
ನೂರೇ ಇರಲಿ, ನಿಂತವರಿಗೆ ಕಾಲು ನೋಯ್ತಾವು.
ಅಡ್ವಾನ್ಸು ಇನ್ನೂರು, ಹತ್ತರ ನೋಟುಗಳಲ್ಲಿ,
ಎರಡು ಸಲ ಎಣಿಸಿ ಕೊಟ್ಟರು.

ಮಂಡಕ್ಕಿ ಭಟ್ಟಿ ಕಡೆಯ ಆಸ್ಪತ್ರೆಯಲ್ಲಿ
ರಾತ್ರಿ ನರ್ಸು ಇನ್ನಿಲ್ಲ.
ಇನ್ನಿಲ್ಲ ಅಂದರೆ ಸತ್ತಿಲ್ಲ ಪಾಪ, ಹರಪನಹಳ್ಳಿಯಲ್ಲಿ
ಅಣ್ಣನ ಮನೆಯಲ್ಲಿ ಚೆನ್ನಾಗೇ ಇದ್ದಾಳೆ.
ಸತ್ತಿದ್ದು ಹುದ್ದೆ.
ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ
'ಮಿತವ್ಯಯದ ದೃಷ್ಟಿಯಿಂದ' ಅಂತ ಇತ್ತು.
ದೃಷ್ಟಿ ಅಂತ ಓದಿ ಇಬ್ಬರು ಮುದುಕರು
ಕಣ್ಣಿನ ಕ್ಯಾಂಪು ಯಾವತ್ತು ಅಂತ ಕೇಳಿ ಹೋದರು.

ದಾವಣಗೆರೆಯಲ್ಲಿ ಯಾವುದಕ್ಕೆ ಎಷ್ಟು ಕುರ್ಚಿ ತುಂಬ್ತಾವೆ
ನನ್ನನ್ನು ಕೇಳಿ.
ಮದುವೆಗೆ ಆರುನೂರು. ತಿಥಿಗೆ ಇನ್ನೂರು, ಎರಡು ಪಂಕ್ತಿ.
ಸೋತವರು ಗೆದ್ದವರ ಪಕ್ಷಕ್ಕೆ ಹಾರುವ ದಿನ ಎರಡು ಸಾವಿರ,
ಕುರ್ಚಿಗೆ ಬಿಳಿ ಬಟ್ಟೆ, ಬೆನ್ನಿಗೆ ಬಣ್ಣದ ಗಂಟು.
ಬಿಲ್ಲು ಹಿಡಿದು ಹೋದರೆ ಮಾತ್ರ
ಅದು ಯಾವ ಪಕ್ಷದ ಖರ್ಚು ಅಂತ
ಅವರಿಗೇ ನೆನಪಿರುವುದಿಲ್ಲ.
ಒಂದು ವರ್ಷ ಮೇಯರ್ ಆರಿಸುವ ಸಭೆಗೆ
ಮೂರು ಸಲ ಹಾಕಿದೆ,
ಮೂರು ಸಲ ಕೋರಂ ಇಲ್ಲ ಅಂತ ಎತ್ತಿದೆ.
ಬಾಡಿಗೆ ಒಂದೇ ಸಲದ್ದು ಬಂತು.

ಭಾನುವಾರ ಸಂಜೆ ಆರಕ್ಕೆ
ಹಲೋ, ಒನ್, ಟೂ, ತ್ರೀ ಅಂದೆ.
ಮುಚ್ಚಿದ ಹತ್ತಿ ಮಿಲ್ಲಿನ ಗೋಡೆಗೆ ಬಡಿದು
ತ್ರೀ ಮಾತ್ರ ವಾಪಸ್ ಬಂತು.

ಬಂದವರು ಏಳು ಜನ.
ಕಾಂಪೌಂಡರ ಹೆಂಡತಿ ಸೇರಿ,
ಫೋನಿಗೆ ಚಾರ್ಜು ಹಾಕಲು ಪ್ಲಗ್ಗು ಹುಡುಕಿ ಬಂದ ಹುಡುಗ ಸೇರಿ.
ಭಟ್ಟಿಯಿಂದ ನೇರ ಬಂದ ಖಮರುನ್ನೀಸಾ
ತಲೆಗೂದಲಲ್ಲಿ ಹೊಟ್ಟು ಹೊತ್ತುಕೊಂಡೇ
ಮೊದಲ ಸಾಲಿನಲ್ಲಿ ಕೂತಳು.
ರಸ್ತೆಯ ಆಚೆ ಮೆಣಸಿನಕಾಯಿ ಗಾಡಿಗೆ ನಲವತ್ತು ಜನ.
ಅವರಿಗೂ ಎಲ್ಲ ಕೇಳುತ್ತಿತ್ತು, ನನ್ನ ಸ್ಪೀಕರು ಹಂಗೈತಿ.

ಕಾಂಪೌಂಡರು ಚೀಟಿ ನೋಡಿ ಲೆಕ್ಕ ಹೇಳಿದರು:
ವಾರ್ಡಿನಲ್ಲಿ ಹನ್ನೊಂದು ಸಾವಿರ ಜನ,
ನರ್ಸಿನ ಸಂಬಳ ಇಪ್ಪತ್ತೆರಡು ಸಾವಿರ,
ತಲೆಗೆ ತಿಂಗಳಿಗೆ ಎರಡು ರೂಪಾಯಿ,
ಅಂದರೆ ಅರ್ಧ ಮೆಣಸಿನಕಾಯಿಗೂ ಕಮ್ಮಿ.
ಆಗ ಗಾಡಿ ಕಡೆಯಿಂದ ಚಪ್ಪಾಳೆ ಬಂತು, ಒಂದು ಶಿಳ್ಳೆ ಕೂಡ.
ಅವತ್ತು ಬಂದ ಚಪ್ಪಾಳೆ ಅದೊಂದೇ.

ಹೋಗ್ಲಿ ಬಿಡ್ರಿ, ಅಂತಿದ್ದರು ಯಾರೋ, ಖಾರ ಮಂಡಕ್ಕಿ ಮುಕ್ಕುತ್ತಾ,
ದೊಡ್ಡಾಸ್ಪತ್ರೆ ಐತಲ್ಲ.
ಎಲ್ಲಾರೂ ಅಷ್ಟೇ, ಯಾರು ಬಂದ್ರೂ ಅಷ್ಟೇ.
ಈ 'ಅಷ್ಟೇ'ಯನ್ನು ನಾನೂ ದಿನಕ್ಕೆ ಹತ್ತು ಸಲ ಅಂತೀನಿ,
ಬಾಯಿಗೆ ಹಗುರ, ಅಡಿಕೆ ಚೂರಿನ ಹಾಗೆ.

ನಾನು ಕೂತಿರಲಿಲ್ಲ.
ಲಗೇಜು ಆಟೋಗೆ ಒರಗಿ ನಿಂತಿದ್ದೆ.
ಬಾಡಿಗೆ ಕೊಡುವವನು ಬಾಡಿಗೆ ಕುರ್ಚಿಯಲ್ಲಿ ಕೂರಬಾರದು,
ಅದು ಧಂದೆಯ ನಿಯಮ.
ನಿಯಮ ಮಾಡಿದ್ದು ನಾನೇ,
ಅವತ್ತು ಸಂಜೆ, ಸುಮಾರು ಆರೂಕಾಲಿಗೆ.

ನನ್ನ ಎರಡನೇ ಮಗಳು ಹುಟ್ಟಿದ್ದು
ಆ ಆಸ್ಪತ್ರೆಯಲ್ಲೇ, ರಾತ್ರಿ ಎರಡರ ಮೇಲೆ.
ರೈಲ್ವೆ ಗೇಟು ಬಿದ್ದಿತ್ತು, ಗೂಡ್ಸು ನಿಂತಿತ್ತು,
ಆಚೆ ದಾಟುವ ಮಾತೇ ಇರಲಿಲ್ಲ.
ಕೂಸು ಅಳಲಿಲ್ಲ.
ಜಯಶೀಲ ಸಿಸ್ಟರು ಅದನ್ನು ಅಂಗಾತ ಬೋರಲು ಮಾಡಿ
ಬೆನ್ನಿಗೆ ಮೂರು ಏಟು ಹಾಕಿದರು.
ಮೂರನೆಯದಕ್ಕೆ ಅತ್ತಿತು.
ಇದನ್ನು ಹೇಳಬಹುದಿತ್ತು.
ಮೈಕು ನನ್ನದೇ.

ಏಳೂವರೆಗೆ ವೈರು ಸುತ್ತಿದೆ.
ಕಾಂಪೌಂಡರು ನೂರಕ್ಕೂ ಬಾಡಿಗೆ ಕೊಟ್ಟರು.
ಏಳಕ್ಕೆ ಸಾಕ್ರಿ ಅನ್ನಲಿಲ್ಲ ನಾನು.
ಮುಂದಿನ ಭಾನುವಾರಕ್ಕೂ ಬರೆದುಕೋ, ಅಂದರು. ಎಷ್ಟು?
ನೂರೇ ಇರಲಿ.

ಖಮರುನ್ನೀಸಾ ಇನ್ನೂ ಕೂತೇ ಇದ್ದಳು.
ಏಳಮ್ಮ, ಮೀಟಿಂಗ್ ಮುಗೀತು.
ಮುಗೀತಾ? ಅಂದಳು.
ಶುರುವಾಗಲಿ ಅಂತ ಕೂತಿದ್ದೆ.

ತೊಂಬತ್ತೊಂಬತ್ತು ಏರಿಸಿ ಹಗ್ಗ ಬಿಗಿದೆ.
ಒಂದನ್ನು ಬೆಳಿಗ್ಗೆ ಬಂದು ಒಯ್ದರಾಯಿತು.
ಗೇಟಿನ ಹತ್ತಿರ ಗಾಡಿ ನಿಂತಾಗ ತಿರುಗಿ ನೋಡಿದೆ,
ಕತ್ತಲು, ಏನೂ ಕಾಣಲಿಲ್ಲ.
ಕುರ್ಚಿಗೆ ಈಗ ನಾನೂರ ಐವತ್ತು ರೂಪಾಯಿ.