ಚಾಕ್ ಪುಡಿ

ಕಪ್ಪು ಬ್ಲೌಸ್ ಪೀಸಿನ ಮೇಲೆ ಉದುರಿದ್ದನ್ನು
ಚಾಕ್ ಪುಡಿ ಅಂದೆ.
ಹನ್ನೊಂದು ವರ್ಷದಿಂದ ಹಾಗೇ ಅನ್ನುತ್ತಿದ್ದೇನೆ.
ದುರ್ಗಿಗುಡಿಯಲ್ಲಿ ಮೆಟ್ಟಿಲ ಕೆಳಗಿನ ಈ ಅಂಗಡಿ
ನನಗೆ ಒಳ್ಳೇದೇ ಆಯಿತು:
ಟೈಲರ್ ಮೈಮೇಲೆ ಬಿಳಿ ಕಂಡರೆ
ಯಾರೂ ಎರಡನೇ ಸಲ ಕೇಳುವುದಿಲ್ಲ.

ಏಪ್ರಿಲ್ ಸೆಕೆಯಲ್ಲೂ ನನ್ನ ತೋಳು ಮಣಿಕಟ್ಟಿನವರೆಗೆ.
ಊರಿಗೆಲ್ಲ ಗಿಡ್ಡ ತೋಳು, ಸ್ಲೀವ್‌ಲೆಸ್ ಹೊಲಿಯುವವಳೂ ನಾನೇ.
ಟೇಪು ಹಿಡಿದ ಕೈ ಎದುರಿನವರಿಗೆ ತಾಗದಂತೆ
ಗಾಳಿಯಲ್ಲೇ ಅಳೆಯಲು ಕಲಿತಿದ್ದೇನೆ.
ತಪ್ಪು ಬರುವುದಿಲ್ಲ. ಬಂದರೂ
ಬಿಚ್ಚಲು ಒಳಗೆ ಒಂದಿಂಚು ಬಿಟ್ಟಿರುತ್ತೇನೆ.

ಒಮ್ಮೆ ವಿನೋಬನಗರದ ಟೀಚರಮ್ಮ
ಚಿಲ್ಲರೆಯನ್ನು ಅಂಗೈಗೆ ಕೊಡದೆ
ಮಿಶಿನ್ ಹಲಗೆಯ ಮೇಲಿಟ್ಟು ಹೋದರು.
ಏನೂ ಅನ್ನಲಿಲ್ಲ, ಪಾಪ.
ಆ ಐದು ರೂಪಾಯಿ ಬಿಲ್ಲೆ ವಾರವಿಡೀ ಅಲ್ಲೇ ಇತ್ತು,
ನಾನು ತುಳಿದಾಗೆಲ್ಲ ನಡುಗುತ್ತ.

ನಾಗರಕಲ್ಲಿಗೆ ಹಾಲೆರೆ ಅಂದರು ಅತ್ತೆ. ಎರೆದೆ.
ಬೇವು ಅರೆದು ಹಚ್ಚಿದೆ. ನಂಜು ಅಂತ ಬದನೆಕಾಯಿ ಬಿಟ್ಟೆ.
ಹಾವು ಒಂದೇ ಸಲ ಪೊರೆ ಕಳಚಿ ಹಗುರಾಗುತ್ತದಂತೆ;
ನಾನು ದಿನಾ ಕಳಚುತ್ತೇನೆ,
ದಿನಾ ಹಾಸಿಗೆ ಕೊಡವುತ್ತೇನೆ, ಅವರು ಏಳುವ ಮೊದಲು.
ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಮ್ಮ ಮಾತ್ರ
ಬರಿಗೈಲಿ ಮೊಣಕೈ ಹಿಡಿದು ತಿರುಗಿಸಿ ನೋಡಿದರು.
ಅಂಟೋದಲ್ಲಮ್ಮ, ಅಂದರು. ಪೂರ್ತಿ ಹೋಗೋದೂ ಅಲ್ಲ.
ಮುಲಾಮಿಗಿಂತ ಆ ಹಿಡಿತ
ನಾಲ್ಕು ದಿನ ಹೆಚ್ಚು ಬಂತು.

ನಿನ್ನೆ ಸಂಜೆ ಸಿಂಚನ ಬಂದಳು, ಸೆಕೆಂಡ್ ಪಿಯುಸಿ,
ಅಕ್ಕನ ಮದುವೆಗೆ ಲಂಗ ದಾವಣಿ.
ಫುಲ್ ತೋಳು ಇಡಿ ಆಂಟಿ.
ಮೇ ತಿಂಗಳಲ್ಲಾ ಪುಟ್ಟಿ?
ಇಡಿ.
ಟೇಪು ಸುತ್ತುವಾಗ ಅವಳೂ
ಗಾಳಿಯಷ್ಟು ಹಿಂದೆ ಸರಿದಳು.
ಮೊಣಕೈ ಹತ್ತಿರ, ಐದು ರೂಪಾಯಿ ಬಿಲ್ಲೆಯಗಲ,
ನಡುವೆ ಬಿಳಿ, ಅಂಚು ಕೆಂಪು.
ನನಗೆ ಗುರುತಿದ್ದ ಊರು.

ಹೇಳಬೇಕಾದ್ದು ಬಾಯಿಗೆ ಬರಲಿಲ್ಲ.
ಗುಂಡಿ ಬಿಚ್ಚಿ ಎರಡೂ ತೋಳು ಮಡಿಸಿದೆ,
ಒಂದು ಮಡಿಕೆ, ಇನ್ನೊಂದು, ಮೊಣಕೈ ದಾಟುವವರೆಗೆ.
ಎಷ್ಟು ವರ್ಷಕ್ಕೋ ಅಲ್ಲಿಗೆ ಫ್ಯಾನಿನ ಗಾಳಿ.
ಅವಳು ನೋಡಿದಳು, ನೋಡುತ್ತಲೇ ಇದ್ದಳು.
ತುರಿಸುತ್ತಾ? ಅಂದಳು ಆಮೇಲೆ.
ರಾತ್ರಿ.
ನಂಗೂ.

ಅಳತೆ ಪುಸ್ತಕದಲ್ಲಿ ತೋಳಿನ ಜಾಗ ಖಾಲಿ ಬಿಟ್ಟೆ.
ಬುಧವಾರದವರೆಗೆ ಬಟ್ಟೆ ಕತ್ತರಿಸಲ್ಲ, ಯೋಚಿಸಿ ಹೇಳು.
ಅವಳು ಹೋದಳು. ಹೊರಗೆ
ಮುಂದಿನ ಗಿರಾಕಿಯ ಚಪ್ಪಲಿ ಸದ್ದು.
ಒಂದು ತೋಳು ಇಳಿಸಿದೆ.
ಇನ್ನೊಂದನ್ನು ಇಳಿಸುವಷ್ಟರಲ್ಲಿ
ಅವರು ಒಳಗೆ ಬಂದಾಗಿತ್ತು.