ಸೌಂಡ್ ಚೆಕ್

ಗಂಜ್‌ದಾಗ, ದಾಲ್‌ಮಿಲ್ಲಿನ ಬೆನ್ನಿಗೆ ಅಂಟಿದ ಮ್ಯಾಲಿನ ಮಾಳಿಗಿ
ನಮ್ಮ ಸ್ಟುಡಿಯೊ.
ಗ್ವಾಡಿಗೆ ಕಂಬಳಿ ಬಡದೀವಿ, ಕಿಟಕಿಗೆ ಮೂರು ಪದರ ಥರ್ಮೋಕೋಲ್.
ಆದ್ರೂ ನೆಲದಾಗಿಂದ ಮಿಲ್ಲು ಗುಂಯ್ ಅಂತದ.
ಸಾಹಿತಿ ಮಾತಾಡ್ಲಿ, ಶಾಸಕ ಮಾತಾಡ್ಲಿ,
ಎಲ್ಲಾರ ಮಾತಿನ ತಳಕ್ಕ ತೊಗರಿ ಒಡೀತದ.
ಅದನ್ನ ತೆಗಿಯೋದು ನನ್ನ ಕೆಲಸ.

ಮೈಕ್ ಸಿಗಿಸ್ತೀನಿ ಕಾಲರಿಗೆ, ಸೆರಗಿಗೆ, ಶಾಲಿಗೆ.
"ಏನರೆ ಮಾತಾಡ್ರಿ, ಮುಂಜಾನಿ ಏನ್ ತಿಂದ್ರಿ?" ಅಂತೀನಿ.
ಈ ಪ್ರಶ್ನಿಗೆ ಯಾರೂ ತಯಾರಾಗಿ ಬರಂಗಿಲ್ಲ.
ಒಬ್ಬ ಮಾಜಿ ಮಂತ್ರಿ ಭಾಳ ಹೊತ್ತು ಯೋಚನಿ ಮಾಡಿ
"ಗುಳಿಗಿ" ಅಂದಿದ್ದ.

ಅವತ್ತಿನ ವಿಷಯ ಸಾಮಾಜಿಕ ನ್ಯಾಯ,
ನಲವತ್ತು ನಿಮಿಷ, ನಡುವ ಮೂರು ಬ್ರೇಕು.
ಪ್ರೊಫೆಸರ್ ಒಬ್ಬರು, ವಕೀಲರೊಬ್ಬರು,
ಮತ್ತ ಶಹಾಬಾದ ಕಡಿಂದ, ಪರಸಿ ಪಾಲಿಶ್ ಮಾಡೋಕಿ,
ಮೌಲಮ್ಮ.

ಗ್ರಾಫಿಕ್ಸ್ ಹುಡುಗ ಬಾಗಲದಾಗ ನಿಂತು ಕೇಳ್ದ:
ಹೆಸರಿನ ಕೆಳಗ ಏನ್ ಹಾಕ್ಲಿ? ನೀವು ಯಾರ ಪೈಕಿ?
"ಅಲಾಯಿ ಕುಣಿ ಅಗಿಯೋ ದಿನ ಹುಟ್ಟೀನಪ್ಪ,
ನಮ್ಮವ್ವ ಮೌಲಾಲಿಗೆ ಸಕ್ರಿ ಹರಕಿ ಹೊತ್ತಿದ್ಲು, ಅದಕ್ಕ ಈ ಹೆಸರು.
ನೀ ಏನರೆ ಹಾಕ್ಕೋ, ಕೂಲಿ ಅಂತೂ ಅಷ್ಟೇ."
ಹುಡುಗ 'ಕಾರ್ಮಿಕ ಮಹಿಳೆ' ಅಂತ ಹಾಕ್ದ.
ಳೆ ಹೋಗಿ ಲೆ ಆಗಿತ್ತು, ಯಾರೂ ನೋಡಲಿಲ್ಲ.

ಹೆಡ್‌ಫೋನ್ ಏರ್ಸಿ, ಏನ್ ತಿಂದ್ರಿ ಅಂದೆ.
ಅಕಿ ಕೆಳಗ ನೋಡ್ಲಾಕತ್ತಿದ್ಲು.
ಚಪ್ಪಲಿ ಹೊರಗ ಬಿಟ್ಟು ಬಂದಾಕಿ
ಹೆಬ್ಬೆರಳು ನೆಲದ ಮ್ಯಾಲ ಸಣ್ಣಕ ಉಜ್ಜಿ
"ಇದು ನಮ್ಮ ಕಡಿ ಕಲ್ಲು," ಅಂದ್ಲು.
"ಇಲ್ಲಿ ನೋಡು, ಈ ಮೂಲ್ಯಾಗ ಕೈ ಅವಸರ ಮಾಡ್ಯದ.
ಹೊತ್ತು ಮುಳುಗಿರಬೇಕು. ಇಲ್ಲಂದ್ರ ಕೂಸು ಅತ್ತಿರಬೇಕು."
ಲೆವೆಲ್ ಬರೋಬರ್ ಬಂದಿತ್ತು.
ಆದ್ರ ಮಾತಿಗೂ ಮಾತಿಗೂ ನಡುವ ಮತ್ತೊಂದು ಇತ್ತು,
ಸಣ್ಣ ಸೀಟಿ,
ಖಾಲಿ ಚರಿಗ್ಯಾಗ ಉಸುಕು ಸುರಿವಿದಂಗ.
ವೈರ್ ಲೂಸ್ ಅಂತ ತಿಳ್ದು
ಎರಡು ಸರ್ತಿ ಮೈಕ್ ಬದಲ್ಸಿದೆ.

ಪ್ರೊಫೆಸರ್ ಪೀಠಿಕಿಯಿಂದ ಸುರು ಮಾಡಿ
ಪೀಠಿಕ್ಯಾಗ ಇದ್ದಾಗಲೇ ಮೊದಲ ಬ್ರೇಕ್ ಬಂತು.
ವಕೀಲರು ಕಲಮು, ಉಪಕಲಮು, ಅದರಾಗಿನ ವಿನಾಯ್ತಿ.
ಕೆಳಗ ಪಟ್ಟಿ ಓಡ್ತಿತ್ತು: ತೊಗರಿ ಧಾರಣಿ, ಬಂಗಾರದ ಧಾರಣಿ,
ಕಲಬುರಗಿ ನಲವತ್ಮೂರು ಡಿಗ್ರಿ.
ಮೂರನೇ ಬ್ರೇಕಿನ ನಂತರ ಆಂಕರ್ ಹೊಳ್ಳಿ ನೋಡಿ
"ಮೌಲಮ್ಮನವರೇ, ನಿಮ್ಮ ದೃಷ್ಟಿಯಲ್ಲಿ ನ್ಯಾಯ ಎಂದರೇನು?
ಚುಟುಕಾಗಿ ಹೇಳಿಬಿಡಿ."

ಅಕಿ ಉಸಿರು ಎಳಕೊಂಡ್ಲು.
ಕಿವ್ಯಾಗ ನನಗ ಪೂರಾ ಕೇಳಿಸ್ತು,
ಒಂದು ಖಣಿ ಮಷೀನು ಸುರು ಆಗಿ, ತಿರುಗಿ, ತಿರುಗಿ,
ಹನ್ನೊಂದು ಸೆಕೆಂಡ್.
"ನಮಸ್ಕಾರ ವೀಕ್ಷಕರೇ," ಅಂದ್ರು ಆಂಕರ್.

ರಾತ್ರಿ ಎಡಿಟಿಂಗ್ ಕ್ವಾಣ್ಯಾಗ ಪ್ರೊಡ್ಯೂಸರ್ ಅಂದ,
"ಆ ಗೊರಗೊರ ತೆಗಿ. ಮಿಲ್ ತೆಗೀತಿಯಲ್ಲ, ಹಂಗ."
ತೆಗದೆ.
ಫಿಲ್ಟರ್ ಅದೇ, ಗುಂಡಿ ಅದೇ.
ಪ್ರಸಾರ ಆದಾಗ ಮೌಲಮ್ಮ ಬಾಯಿ ತೆರಕೊಂಡು
ಸುಮ್ಮ ಕುಂತಂಗ ಕಾಣ್ತಿದ್ಲು.
ಟಿವಿ ಮುಂದ ಉಣಕೋತ ನಮ್ಮ ಮನ್ಯಾಕಿ,
"ಪಾಪ, ಅಕಿಗೆ ಮಾತೇ ಬರಲಿಲ್ಲ ನೋಡ್ರಿ," ಅಂದ್ಲು.
ನಾ ಸಾರು ಹಾಕು ಅಂದೆ.

ತೆಗದದ್ದನ್ನ ಒಗಿಲಾಕ ಆಗಲಿಲ್ಲ.
ಬ್ಯಾರೆ ಫೈಲ್ ಮಾಡಿ ಇಟ್ಟೀನಿ,
ಏನ್ ಹೆಸರು ಇಡಬೇಕು ತಿಳೀದೆ ಬರೇ ತಾರೀಖು ಹಾಕೀನಿ.
ಒಂದು ಸರ್ತಿ, ಕರೆಂಟ್ ಹೋಗಿ ಮಿಲ್ಲು ನಿಂತ ರಾತ್ರಿ
ಮೊಬೈಲಿನಾಗ ಹಚ್ಚಿದ್ದೆ. ವಾಚ್‌ಮನ್ ಒಳಗ ಹಣಿಕಿ ಹಾಕಿ
"ಸಾಹೇಬ್ರ, ಮಿಲ್ ಸುರು ಆತೇನ್ರಿ?" ಅಂದ.

ಈಗ ಯಾರಿಗೆ ಮೈಕ್ ಸಿಗಿಸ್ಲಾಕ ಬಾಗಿದ್ರೂ
ಆ ಮೂಲಿ ತಪ್ಪಿಸಿ ಕಾಲು ಇಡ್ತೀನಿ.
ಮೊನ್ನಿ ಕುರ್ಚಿ ಸರಸೋ ನೆವದಾಗ ಕೈ ಆಡ್ಸಿ ನೋಡ್ದೆ.
ಖರೇ ಅದ, ಜರಾ ಒರಟು,
ಬೆರಳಿಗಷ್ಟೇ ತಿಳಿಯೋವಷ್ಟು.